ಹದಿಮೂರುವರೆ, ಹದಿನಾಲ್ಕು: ಸೇಂತ್-ಮರೀ ಸೆಟ್ ಕೊಳ್ಳುವ ಮುಂಚೆ ಓದಿ

22 ಸಾವಿರ ರೂಪಾಯಿ ಕೊಟ್ಟು ಹದಿಮೂರು ನಕಲಿ ಅಂಚೆಚೀಟಿ ಕೊಂಡಿದ್ದೇನೆ. ಹೇಳಿಕೊಳ್ಳಲು ನಾಚಿಕೆ. ನೋಡದೆ ಕೊಂಡಿದ್ದರೆ ಸುಮ್ಮನಿರುತ್ತಿದ್ದೆ. ಅಂಚಿನ ತೂತು ಅಳೆಯುವ ಗೇಜ್ ಇಟ್ಟು ನೋಡಿ, ಸರಿ ಇದೆ ಅಂತ ತೃಪ್ತಿಪಟ್ಟು ಮೋಸ ಹೋದೆನಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನನಗೆ ಈ ಹುಚ್ಚು ಹಿಡಿದದ್ದು ಪುದುಚೇರಿ, ಮಾಹೆಗಳಲ್ಲಿ ಓಡಾಡಿದ ಫ್ರೆಂಚ್ ಇಂಡಿಯಾ ಚೀಟಿಗಳಿಂದ. 1892ರಿಂದ ಫ್ರಾನ್ಸ್ ತನ್ನ ವಸಾಹತುಗಳಿಗೆ ಒಂದೇ ಅಚ್ಚಿನ ಚೀಟಿ ಹೊರಡಿಸಿತು. ಫ್ರೆಂಚ್ ಕಲಾವಿದ ಮೂಶೋಂ ರಚಿಸಿದ ಅದೇ ಚಿತ್ರ, ಕೆಳಗಿನ ಪಟ್ಟಿಯಲ್ಲಿ ಕೆಂಪು ಅಥವಾ ನೀಲಿ ಬಣ್ಣದಲ್ಲಿ ವಸಾಹತಿನ ಹೆಸರು ಮಾತ್ರ ಬೇರೆ. ಮಯೋಟ್, ಆಂಜುವಾನ್, ನೊಸಿ-ಬೇ, ಗ್ರಾಂಡ್ ಕೊಮೋರ್, ಹೀಗೆ ಭೂಪಟದಲ್ಲಿ ಚುಕ್ಕೆಯಷ್ಟಿರುವ ದ್ವೀಪಗಳಿಗೂ ಸ್ವಂತ ಚೀಟಿ! ಒಂದು ಸಿಕ್ಕರೆ ಇನ್ನೊಂದು ಬೇಕೆನಿಸುತ್ತದೆ.

ಅದರಲ್ಲೂ ಮಡಗಾಸ್ಕರಿನ ಈಶಾನ್ಯ ಕರಾವಳಿಯಾಚೆಯ ಸೇಂತ್-ಮರೀ. ಉದ್ದಕ್ಕೆ, ಕಿರಿದಾಗಿ ಮಲಗಿರುವ ಪುಟ್ಟ ದ್ವೀಪ. 1894ರಲ್ಲಿ ಒಂದು ಸಾಂತೀಮಿನಿಂದ (ಫ್ರಾಂಕಿನ ನೂರನೇ ಒಂದು ಭಾಗ) ಒಂದು ಫ್ರಾಂಕಿನವರೆಗೆ ಹದಿಮೂರು ಚೀಟಿ ಬಂದವು. 1896ರಲ್ಲಿ ದ್ವೀಪವನ್ನು ಮಡಗಾಸ್ಕರಿಗೆ ಸೇರಿಸಿದರು, ಅಲ್ಲಿಗೆ ಕತೆ ಮುಗಿಯಿತು. ಎರಡೇ ವರ್ಷದ ಬಾಳು. ಠಸ್ಸೆ ಬಿದ್ದ ಪೂರ್ತಿ ಸೆಟ್ ಮಾರಾಟಕ್ಕಿದೆ ಅಂತ ಆನ್‌ಲೈನಿನಲ್ಲಿ ಕಂಡಾಗ ಅರ್ಧ ರಾತ್ರಿ ನಿದ್ದೆ ಬರಲಿಲ್ಲ.

ಫೋಟೊದಲ್ಲಿ ಹದಿಮೂರೂ ಕಪ್ಪು ಕಾರ್ಡಿನ ಮೇಲೆ ಸಾಲಾಗಿ ಕೂತಿದ್ದವು. ಹದಿಮೂರರ ಮೇಲೂ ಒಂದೇ ಮೂಲೆಯಲ್ಲಿ, ಒಂದೇ ತಾರೀಖಿನ ಸ್ಫುಟವಾದ ಠಸ್ಸೆ. ಆಗಲೇ ಅನುಮಾನ ಬರಬೇಕಿತ್ತು. ಆ ಕಾಲದ ಅಂಚೆ ಗುಮಾಸ್ತ ಇಷ್ಟು ಒಪ್ಪವಾಗಿ ಯಾಕೆ ಒತ್ತುತ್ತಾನೆ? ನನಗೆ ಅದು ಸೆಟ್ಟಿನ ಚೆಂದವಾಗಿ ಕಂಡಿತು. ಹಿಂಬದಿಯ ಫೋಟೊ ಕೇಳುವುದೂ ಹೊಳೆಯಲಿಲ್ಲ.

ಪಾರ್ಸಲ್ ಬಂತು. ಅಸಲಿಯ ಪರ್ಫೊರೇಶನ್, ಅಂದರೆ ಅಂಚಿನ ತೂತುಗಳ ಲೆಕ್ಕ, 14 x 13½ ಅಂತ ನೆನಪಿತ್ತು. ಗೇಜ್ ಇಟ್ಟೆ. ಒಂದು ಅಂಚು ಹದಿಮೂರುವರೆ, ಇನ್ನೊಂದು ಹದಿನಾಲ್ಕು. ಎರಡೂ ಅಂಕಿ ಸಿಕ್ಕಿತಲ್ಲ ಅಂತ ಆಲ್ಬಮ್ಮಿಗೆ ಏರಿಸಿದೆ. ಮಾರಿದವರು ಕೊಟ್ಟಿದ್ದ ಹದಿನಾಲ್ಕು ದಿನದ ವಾಪಸಾತಿ ಗಡುವು ಹಾಗೇ ಕಳೆಯಿತು.

ತಿಂಗಳಾದ ಮೇಲೆ ನಮ್ಮ ಗೆಳೆಯರ ಕೂಟದಲ್ಲಿ ರಾಯರಿಗೆ ಬೀಗುತ್ತಾ ತೋರಿಸಿದೆ. ಅವರು ಚಿಮಟದಲ್ಲಿ ಒಂದನ್ನು ಎತ್ತಿ, ಗೇಜಿನ ಮೇಲೆ ಅಡ್ಡ ಇಟ್ಟರು, ಉದ್ದ ಇಟ್ಟರು. “ಮೇಲಿನ ಅಂಚು ಎಷ್ಟು ಬಂತಪ್ಪಾ ನಿಂಗೆ?” ಅಂದರು.

“ಹದಿಮೂರುವರೆ, ಸಾರ್.”

“ಕ್ಯಾಟಲಾಗಲ್ಲಿ ಮೊದಲು ಬರೆಯೋದು ಯಾವ ಅಂಚಿಂದು?”

ನನ್ನ ಬಾಯಿ ಕಟ್ಟಿತು. ಮೊದಲ ಅಂಕಿ ಯಾವತ್ತೂ ಅಡ್ಡ ಅಂಚಿನದು, ಅಂದರೆ ಮೇಲಿನ ಮತ್ತು ಕೆಳಗಿನದು. ಎರಡನೆಯದು ಪಕ್ಕದ್ದು. ಅಸಲಿಯಲ್ಲಿ ಮೇಲೆ 14, ಪಕ್ಕದಲ್ಲಿ 13½. ನನ್ನವು ತಿರುಗುಮುರುಗು. ಮನೆಗೆ ಬಂದು, ಅಂಚೆಚೀಟಿಗಳ ವಿವರ ಕೊಡುವ ಸ್ಕಾಟ್ ಕ್ಯಾಟಲಾಗ್ ತೆರೆದರೆ ಈ ಅಚ್ಚಿನ ಚೀಟಿಗಳ ಕೆಳಗೆ ಸಣ್ಣಕ್ಷರದಲ್ಲಿ ಒಂದೇ ಸಾಲು: 13½ x 14 ಇದ್ದರೆ ನಕಲಿ. ಹತ್ತಾರು ಸಲ ಕಣ್ಣು ಹಾಯಿಸಿದ ಪುಟ ಅದು.

ಬರಿಗಣ್ಣಿಗೆ ಇದು ಸಿಗುವುದಿಲ್ಲ. ಪರ್ಫೊರೇಶನ್ ಅಂದರೆ ಎರಡು ಸೆಂಟಿಮೀಟರಿಗೆ ಎಷ್ಟು ತೂತು ಅನ್ನುವ ಲೆಕ್ಕ. ಇಷ್ಟು ಚಿಕ್ಕ ಚೀಟಿಯ ಅಂಚಿನಲ್ಲಿ ಅರ್ಧದ ವ್ಯತ್ಯಾಸಕ್ಕೆ ಒಂದು ಹಲ್ಲೂ ಹೆಚ್ಚುಕಮ್ಮಿ ಆಗುವುದಿಲ್ಲ. ಗೇಜ್ ಬೇಕೇ ಬೇಕು. ರಾಯರು ಹೇಳಿದ ಇನ್ನೊಂದು ಉಪಾಯ: ಇಂಡೋಚೈನಾದ್ದೋ ಮಾರ್ಟಿನೀಕಿನದ್ದೋ ಇದೇ ಅಚ್ಚಿನ ಅಗ್ಗದ ಚೀಟಿಯೊಂದನ್ನು ಅಳೆದು, ಅಸಲಿ ಅಂತ ಖಚಿತವಾದ ಮೇಲೆ ಜೊತೆಯಲ್ಲಿ ಇಟ್ಟುಕೊಳ್ಳಿ. ದುಬಾರಿ ಚೀಟಿಯನ್ನು ಅದರ ಪಕ್ಕ ಇಟ್ಟು ಅಂಚಿಗೆ ಅಂಚು ಹೋಲಿಸಿ, ಅಕ್ಷರದ ಗೀಟುಗಳನ್ನೂ ನೋಡಿ.

ಫ್ರೆಂಚ್ ವಸಾಹತುಗಳ ನಕಲಿ ಅಂದರೆ ಜಿನೀವಾದ ಫ್ರಾಂಸ್ವಾ ಫೂರ್ನಿಯೇ ಹೆಸರು ಬರಲೇಬೇಕು. ಆತ ಗುಟ್ಟಾಗಿ ಮಾಡಿದವನಲ್ಲ, ಬೆಲೆಪಟ್ಟಿ ಅಚ್ಚು ಹಾಕಿಸಿ ‘ಪ್ರತಿಕೃತಿ’ ಅಂತಲೇ ಮಾರಿದ. 1917ರಲ್ಲಿ ತೀರಿಕೊಂಡ. ಹತ್ತು ವರ್ಷದ ಮೇಲೆ ಜಿನೀವಾದ ಸಂಗ್ರಾಹಕರ ಸಂಘವೇ ಅವನ ದಾಸ್ತಾನು ಕೊಂಡು, ನಕಲಿ ಗುರುತಿಸಲು ಅನುಕೂಲವಾಗಲಿ ಅಂತ ಆಲ್ಬಮ್ ಮಾಡಿ ಹಂಚಿತು. ಅಷ್ಟರಲ್ಲಿ ಎಷ್ಟೋ ಚೀಟಿ ಜಗತ್ತಿನ ಆಲ್ಬಮ್ಮುಗಳಿಗೆ ಸೇರಿಬಿಟ್ಟಿದ್ದವು. ನನ್ನವು ಯಾರ ಕೈಕೆಲಸವೋ, ಹೇಳಲಾರೆ.

ಮಾರಿದವರಿಗೆ ಬರೆದೆ. “ಅಸಲಿ ಅಂತ ನಾವು ಎಲ್ಲೂ ಹೇಳಿಲ್ಲವಲ್ಲ ಸಾರ್, ಹಳೇ ಸಂಗ್ರಹದ್ದು, ಇದ್ದ ಹಾಗೆ ಅಂತಷ್ಟೇ ಹಾಕಿದ್ವಿ” ಅಂತ ಉತ್ತರ. ಹೋಗಿ ನೋಡಿದರೆ ನಿಜ, ‘ಇದ್ದ ಹಾಗೆ’ ಅಂತಲೇ ಇತ್ತು. ಈ ಎರಡು ಪದ ಕಂಡರೆ ಅಲ್ಲೇ ನಿಲ್ಲಿ.

ಗೇಜ್ ಒಂದಿದ್ದರೆ ಸಾಕು ಅಂತಲೂ ತಿಳಿಯಬೇಡಿ. 1889ರಲ್ಲಿ ನೊಸಿ-ಬೇಯಲ್ಲಿ ಎಲ್ಲ ವಸಾಹತುಗಳಿಗೂ ಸಾಮಾನ್ಯವಾಗಿದ್ದ ಚೀಟಿಗಳ ಮೇಲೆ ಹೊಸ ಬೆಲೆ ಒತ್ತಿ ಬಳಸಿದರು. ಅದರ ನಕಲಿಗೆ ಅಗ್ಗದ ಅಸಲಿ ಚೀಟಿ ತಂದು ಮೇಲೆ ಸುಳ್ಳು ಮುದ್ರೆ ಒತ್ತಿದರೆ ಆಯಿತು. ಕಾಗದ ಸರಿ, ಹಲ್ಲು ಸರಿ, ಅಂಕಿ ಮಾತ್ರ ಸುಳ್ಳು. ಅಂಥವನ್ನು ಪರಿಣತರ ಪ್ರಮಾಣಪತ್ರ ಇಲ್ಲದೆ ನಾನಂತೂ ಮುಟ್ಟುವುದಿಲ್ಲ.

ನಿನ್ನೆ ಅದೇ ಖಾತೆಯಲ್ಲಿ ಆಂಜುವಾನ್ ಸೆಟ್ ಹಾಕಿದ್ದಾರೆ. ಅದೇ ಕಪ್ಪು ಕಾರ್ಡು, ಅದೇ ಮೂಲೆಯಲ್ಲಿ ಠಸ್ಸೆ. ಮೇಲಿನ ಅಂಚನ್ನು ಗೇಜಿನ ಮೇಲಿಟ್ಟು ಒಂದು ಫೋಟೊ ಕಳಿಸಿ ಅಂತ ಕೇಳಿದೆ. ನೋಡಿದ್ದಾರೆ, ಉತ್ತರ ಕೊಟ್ಟಿಲ್ಲ.