ಮೂರು ತಾಸು ಕುದಿಸಿ ನೋಡಿದ ಕೆಟಲ್

35 ಲೀಟರಿನ, 2500 ವಾಟ್‌ನ ಈ ಕರೆಂಟ್ ಕೆಟಲ್‌ನಲ್ಲಿ ಮಾಮೂಲಿ ಬಿಯರ್ ಯಾರು ಬೇಕಾದರೂ ಮಾಡಬಹುದು. ನಾನು ಹಾಕಿದ್ದು ಬಾರ್ಲಿವೈನ್, ಅಂದರೆ ತುಂಬಾ ಸ್ಟ್ರಾಂಗ್ ಬಿಯರ್. 30 ಲೀಟರ್ ವರ್ಟ್ (ಹುದುಗುವ ಮುಂಚಿನ ಸಿಹಿ ಮಾಲ್ಟ್ ರಸ), ಸಾಂದ್ರತೆ 1.070 (ಬರೀ ನೀರಿನದು 1.000). ಒಟ್ಟು ಮೂರು ತಾಸು ಕುದಿಸಿ 21 ಲೀಟರಿಗೆ ಬತ್ತಿಸಿದಾಗ 1.100ಕ್ಕೆ ಬಂತು. ಸಕ್ಕರೆ ಗಿಕ್ಕರೆ ಏನೂ ಬೆರೆಸಲಿಲ್ಲ.

ಮೊದಲ ಹತ್ತು ನಿಮಿಷ ಪಕ್ಕದಿಂದ ಕದಲುವ ಹಾಗಿಲ್ಲ, ನೊರೆ ಹಾಲಿನ ಹಾಗೆ ಉಕ್ಕಿ ಬರುತ್ತೆ. ಎರಡನೇ ತಾಸು ಮುಗಿಯುವಷ್ಟರಲ್ಲಿ ಬಣ್ಣ ಜೇನಿನಿಂದ ತಾಮ್ರಕ್ಕೆ ತಿರುಗಿತ್ತು. ಸೌಟಿನಿಂದ ಬಿದ್ದ ಹನಿ ಬೆರಳಿಗೆ ಅಂಟು ಅಂಟು. ಕಹಿ ಕೊಡುವ ಹಾಪ್ಸ್ ಹೂ ಹಾಕಿದ್ದು ಕೊನೆಯ 60 ನಿಮಿಷಕ್ಕೆ. ದಟ್ಟ ವರ್ಟಿಗೆ ಕಹಿ ಅಷ್ಟಾಗಿ ಇಳಿಯೋದಿಲ್ಲ, ಅದಕ್ಕೇ ಕೈ ಸ್ವಲ್ಪ ಧಾರಾಳ ಮಾಡಿದೆ.

ನನ್ನ ತಕರಾರು ಟೈಮರ್ ಬಗ್ಗೆ. 90 ನಿಮಿಷಕ್ಕೇ ಆಫ್! ಇದನ್ನು ಮಾಡಿದವರು ಸ್ಟ್ರಾಂಗ್ ಬಿಯರ್ ಕುದಿಸಿದವರಲ್ಲ ಬಿಡಿ. ನಾನು ತೂಕಡಿಸಿ ಎದ್ದಾಗ ಕುದಿ ನಿಂತು ಇಪ್ಪತ್ತು ನಿಮಿಷವಾಗಿತ್ತು. ಒಳಗಿನ ಲೀಟರ್ ಗೆರೆಗಳನ್ನೂ ಕುದಿಯುವಾಗ ನಂಬಬೇಡಿ, ಬಿಸಿಗೆ ಸುಮಾರು ಶೇ. 4ರಷ್ಟು ಹಿಗ್ಗಿರುತ್ತೆ. ತಳ ಹಿಡಿದಿತ್ತಾ ಅಂದರೆ, ನಾಣ್ಯದಷ್ಟಗಲ ಕಂದು ಕಲೆ, ಉಜ್ಜಿದ ಮೇಲೆ ಹೋಯ್ತು. ಮುಂದಿನ ಸಲ ಫೋನಲ್ಲಿ ಅಲಾರಂ ಇಟ್ಟುಕೊಂಡು ನಾಲ್ಕು ತಾಸು ಕುದಿಸ್ತೀನಿ.