ಕ್ರೊಯೇಷಿಯನ್ ವಿಭಕ್ತಿ ಕಲಿಯೋಕೆ ಪಟ್ಟಿನಾ, ವಾಕ್ಯನಾ, ನಮ್ಮ ಕನ್ನಡವಾ?

ಕ್ರೊಯೇಷಿಯಾ ದೇಶದ ಭಾಷೆ ಕ್ರೊಯೇಷಿಯನ್ ಶುರು ಮಾಡಿದವರೆಲ್ಲ ಮೊದಲು ಹೆದರುವುದು ಅದರ ಏಳು ವಿಭಕ್ತಿಗಳಿಗೆ. ನಾನು ಮೂರು ದಾರಿ ಹಿಡಿದು ನೋಡಿದೆ.

ಮೊದಲನೆಯದು ಪಟ್ಟಿ ಬಾಯಿಪಾಠ. ಕಾಫಿಗೆ ಅಲ್ಲಿ ಕಾವಾ ಅಂತಾರೆ. ಅದನ್ನೇ ಇಟ್ಟುಕೊಂಡು ಕಾವಾ, ಕಾವೆ, ಕಾವಿ, ಕಾವು, ಕಾವೊ, ಕಾವಿ, ಕಾವೊಮ್ ಅಂತ ಮೂರು ವಾರ ಮಗ್ಗಿ ಹೇಳಿದ ಹಾಗೆ ಹೇಳಿದೆ. ನಿದ್ದೆಯಲ್ಲಿ ಕೇಳಿದರೂ ಒಪ್ಪಿಸುತ್ತಿದ್ದೆ. ಆದರೆ ಅಲ್ಲಿನ ರಾಜಧಾನಿ ಜಾಗ್ರೆಬ್‌ನ ಕಾಫಿ ಅಂಗಡಿಯಲ್ಲಿ ನಿಂತಾಗ ಬಾಯಿಂದ ಬಂದದ್ದು 'ಯೆದ್ನಾ ಕಾವಾ, ಮೋಲಿಮ್' (ಒಂದು ಕಾಫಿ, ದಯವಿಟ್ಟು). 'ಯೆದ್ನು ಕಾವು' ಅನ್ನಬೇಕಿತ್ತು, ಯಾಕೆಂದರೆ ಅಲ್ಲಿ ಕಾಫಿ ಕರ್ಮ. ಮಾತಾಡುವಾಗ ಪಟ್ಟಿಯ ನಾಲ್ಕನೇ ಸಾಲಿಗೆ ಹೋಗಿ ಹುಡುಕುವಷ್ಟು ಸಮಯ ಎಲ್ಲಿರುತ್ತೆ? ಆದರೂ ಪಟ್ಟಿಯಿಂದ ಒಂದು ಲಾಭ ಆಯಿತು. ಏಕವಚನದಲ್ಲಿ 'ಗೆ' ರೂಪವೂ 'ಅಲ್ಲಿ' ರೂಪವೂ ಒಂದೇ (ಎರಡೂ ಕಾವಿ), ಬಹುವಚನದಲ್ಲಂತೂ ಮೂರು ವಿಭಕ್ತಿಗೆ ಸೇರಿ ಒಂದೇ ರೂಪ, ಕಾವಾಮಾ. ಅಂದರೆ ಕಲಿಯಬೇಕಾದದ್ದು ಹೆದರಿಸುವಷ್ಟು ಜಾಸ್ತಿ ಇಲ್ಲ.

ಎರಡನೆಯದು ಇಡೀ ವಾಕ್ಯಗಳನ್ನೇ ಕಲಿಯುವುದು. ಬಾಯಿ ಬೇಗ ತಿರುಗಿತು. ಲೆಕ್ಕದ ವಿಷಯದಲ್ಲಿ ಇದಕ್ಕಿಂತ ಒಳ್ಳೆಯ ದಾರಿ ನನಗೆ ಸಿಗಲಿಲ್ಲ: ಯೆದ್ನಾ ಕಾವಾ (ಒಂದು ಕಾಫಿ), ದ್ವಿಯೆ ಕಾವೆ (ಎರಡು), ಪೆತ್ ಕಾವಾ (ಐದು). ಎರಡರಿಂದ ನಾಲ್ಕರವರೆಗೆ ಒಂದು ರೂಪ, ಐದರಿಂದ ಇನ್ನೊಂದು! ನಿಯಮ ಓದಿದರೆ ತಲೆ ಕೆಡುತ್ತೆ, ಹತ್ತು ಸಲ ಹೇಳಿದರೆ ತಾನಾಗೇ ಕೂರುತ್ತೆ. ತೊಂದರೆ ಏನೆಂದರೆ, ಕಲಿತ ವಾಕ್ಯದಲ್ಲಿ ಒಂದು ಪದ ಬದಲಾಯಿಸಿದರೂ ಕಾಲ ಕೆಳಗಿನ ನೆಲ ಜಾರುತ್ತೆ.

ಮೂರನೆಯದು ನಮ್ಮ ಕನ್ನಡ. ಮೊದಲೇ ಯಾಕೆ ಹೊಳೆಯಲಿಲ್ಲವೋ! ಅಲ್ಲಿಯವರೆಗೆ ಎಲ್ಲವನ್ನೂ ಇಂಗ್ಲಿಷಿನ ಮೂಲಕ ಓದುತ್ತಿದ್ದೆ, ಆ ಭಾಷೆಯ ನಾಮಪದಗಳಲ್ಲಿ ವಿಭಕ್ತಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ನಮಗೆ 'ಅನ್ನು, ಇಂದ, ಗೆ, ಅ, ಅಲ್ಲಿ' ಹುಟ್ಟಿನಿಂದ ಗೊತ್ತು. 'ಹ್ಲಾದ್ನೊ ಮಿ ಯೆ' ಅಂದರೆ 'ನನಗೆ ಚಳಿ'. 'ಸ್ವಿಜಾ ಮಿ ಸೆ' ಅಂದರೆ 'ನನಗೆ ಇಷ್ಟ'. ಎರಡರಲ್ಲೂ ಆ 'ಮಿ' ನಮ್ಮ 'ನನಗೆ'ಯೇ. ಇನ್ನೂ ಖುಷಿಯ ವಿಷಯ ಕೇಳಿ. ನಾವು 'ಕಾಫಿ ಕುಡಿದೆ' ಅಂದರೆ ಸಾಕು, 'ಅನ್ನು' ಬೇಕಿಲ್ಲ, ಆದರೆ 'ತಮ್ಮನನ್ನು ಕರೆದೆ' ಅಂತಲೇ ಹೇಳಬೇಕು, ಅಲ್ವಾ? ಕ್ರೊಯೇಷಿಯನ್ ಪುಲ್ಲಿಂಗದಲ್ಲೂ ಹಾಗೇ: 'ವಿದಿಮ್ ಸ್ತೋಲ್', ಮೇಜು ನೋಡ್ತೀನಿ, ಪದ ಬದಲಾಗಲ್ಲ. 'ವಿದಿಮ್ ಬ್ರಾತಾ', ತಮ್ಮನನ್ನು ನೋಡ್ತೀನಿ, ಬ್ರಾತ್ ಹೋಗಿ ಬ್ರಾತಾ ಆಯಿತು. ಜೀವ ಇರೋದಕ್ಕೆ ಬೇರೆ ಲೆಕ್ಕ.

ಆದರೆ ಕನ್ನಡವನ್ನು ಕಣ್ಣುಮುಚ್ಚಿ ನಂಬಿದರೆ ಮೂರು ಕಡೆ ಎಡವುತ್ತೀರಿ, ನಾನು ಮೂರರಲ್ಲೂ ಎಡವಿದ್ದೇನೆ. ನಾವು 'ಜಾಗ್ರೆಬ್‌ಗೆ' ಹೋಗುತ್ತೇವೆ, ಅವರು ಅಲ್ಲಿ 'ಅನ್ನು' ರೂಪ ಬಳಸುತ್ತಾರೆ: 'ಇದೆಮ್ ಉ ಜಾಗ್ರೆಬ್'. ಅಲ್ಲೇ ಇದ್ದರೆ 'ಉ ಜಾಗ್ರೆಬು'. ನಾವು 'ಬಸ್ಸಲ್ಲಿ ಬಂದೆ' ಅಂತೀವಿ, ಅವರಿಗೆ ಬಸ್ಸು ಸಾಧನ, ಹಾಗಾಗಿ 'ಔತೊಬುಸೊಮ್'. 'ಉ ಔತೊಬುಸು' ಅಂದರೆ ಬಸ್ಸಿನ ಒಳಗಡೆ ಅಂತ. ಇನ್ನು ಲಿಂಗ. ನಮಗೆ ವಸ್ತುಗಳೆಲ್ಲ ನಪುಂಸಕ, ಅವರಿಗೆ ಮೇಜು ಗಂಡು, ಕಾಫಿ ಹೆಣ್ಣು. ವ್ಯಂಜನದಲ್ಲಿ ಮುಗಿದರೆ ಸಾಮಾನ್ಯವಾಗಿ ಗಂಡು, 'ಆ' ಬಂದರೆ ಹೆಣ್ಣು, 'ಒ' ಅಥವಾ 'ಎ' ಬಂದರೆ ನಪುಂಸಕ. ಈ ಒಂದು ಸಾಲು ಮೊದಲ ದಿನವೇ ಕಲಿತಿದ್ದರೆ ಎಷ್ಟೋ ಸಮಯ ಉಳಿಯುತ್ತಿತ್ತು.

ಈಗ ಯಾರಾದರೂ ಕೇಳಿದರೆ ಹೀಗೆ ಹೇಳ್ತೀನಿ: ದಿನಾ ನಾಲ್ಕೈದು ವಾಕ್ಯ ಗಟ್ಟಿಯಾಗಿ ಹೇಳಿ, ಪ್ರತಿಯೊಂದರ ಪಕ್ಕದಲ್ಲಿ ಕನ್ನಡ ಬರೆದು, ಪ್ರತ್ಯಯ ಎಲ್ಲಿ ಸೇರುತ್ತೆ, ಎಲ್ಲಿ ಸೇರಲ್ಲ ಅಂತ ಗುರುತು ಹಾಕಿ. ಪಟ್ಟಿ ಗೋಡೆ ಮೇಲಿರಲಿ, ಅನುಮಾನ ಬಂದಾಗ ನೋಡಿದರೆ ಸಾಕು. ಕ್ರಿಯಾಪದಗಳ ಜೋಡಿಗೂ (ನಡೀತಾ ಇರೋ ಕೆಲಸಕ್ಕೆ ಒಂದು, ಮುಗಿಯೋ ಕೆಲಸಕ್ಕೆ ಇನ್ನೊಂದು) ನಾನು ಇದೇ ಕ್ರಮ ಹಿಡಿದಿದ್ದೇನೆ. 'ಪಿಸಾತಿ' ಪಕ್ಕದಲ್ಲಿ 'ಬರೀತಾ ಇರು', 'ನಾಪಿಸಾತಿ' ಪಕ್ಕದಲ್ಲಿ 'ಬರೆದು ಮುಗಿಸು' ಅಂತ ಬರೆದುಕೊಂಡ ದಿನವೇ ಅವೆರಡರ ವ್ಯತ್ಯಾಸ ತಿಳಿಯಿತು.