ಚೀಲವಿಲ್ಲದೆ ಅರಳಿದ ಸ್ಲಿಪ್ಪರ್ ಆರ್ಕಿಡ್, ಮತ್ತು ಮೂಡಿಗೆರೆ ರಸ್ತೆಯ ಒಂದು ಮನೆ ನರ್ಸರಿ

ಇದು ಬೋರ್ಡಿಲ್ಲದ ನರ್ಸರಿ. ಚಿಕ್ಕಮಗಳೂರಿನಿಂದ ಮೂಡಿಗೆರೆ ಕಡೆ ಹೋಗುವಾಗ ಸಿಗುವ ಒಂದು ತೋಟದ ಮನೆ, ಹಿತ್ತಲಲ್ಲಿ ಹಸಿರು ನೆಟ್ ಕಟ್ಟಿದ ಶೆಡ್, ಅಷ್ಟೇ. ನಡೆಸುವ ಆಂಟಿ ಹೆಸರು ಹಾಕಬೇಡಿ ಅಂದಿದ್ದಾರೆ, ಹಾಗಾಗಿ ಹಾಕುತ್ತಿಲ್ಲ.

ಮೂರು ವರ್ಷದ ಹಿಂದೆ ಅಲ್ಲಿಂದ 900 ರೂಪಾಯಿಗೆ ಒಂದು ಪ್ಯಾಫಿಯೋಪೆಡಿಲಮ್, ಅಂದರೆ ಸ್ಲಿಪ್ಪರ್ ಆರ್ಕಿಡ್ ತಂದೆ. ನಮ್ಮ ಕಡೆ ಮರದ ಮೇಲೆ ಜೋತು ಬೀಳುವ ಸೀತಾಳೆ ದಂಡೆ ಥರ ಅಲ್ಲ ಇದು, ನೆಲದ ಗಿಡ. ಹೂವಿನ ಕೆಳಗಿನ ಎಸಳು ಚಪ್ಪಲಿ ಮೂತಿಯ ಹಾಗೆ ಚೀಲವಾಗಿರುತ್ತದೆ. ಹುಳ ಅದರೊಳಗೆ ಬಿದ್ದು, ಹಿಂದಿನ ಸಣ್ಣ ದಾರಿಯಲ್ಲಿ ತೂರಿ ಹೊರಬರುವಾಗ ಪರಾಗ ಮೈಗೆ ಅಂಟಿಸಿಕೊಳ್ಳುತ್ತದೆ.

ನನ್ನ ಗಿಡದ ಮೊದಲ ಹೂವಲ್ಲಿ ಆ ಚೀಲವೇ ಇರಲಿಲ್ಲ! ಅದರ ಜಾಗದಲ್ಲಿ ಪಕ್ಕದ ಎಸಳಿನ ಹಾಗೆಯೇ ಚಪ್ಪಟೆಯಾದ ಇನ್ನೊಂದು ಎಸಳು. ಮನೆಯವರನ್ನೆಲ್ಲ ಕರೆದು ತೋರಿಸಿದೆ. ಅಪರೂಪದ ತಳಿಯೇ ಸಿಕ್ಕಿತು ಅಂತ ಖುಷಿಯಲ್ಲಿ ಆಂಟಿಗೆ ಫೋಟೋ ಕಳಿಸಿದೆ.

ಅವರು ಹೇಳಿದ್ದು ಇಷ್ಟು: "ಚೆಂದ ಇದೆ ಮಾರಾಯ್ರೇ. ಆದ್ರೆ ಈಗಲೇ ಏನೂ ಹೇಳೋಕಾಗಲ್ಲ. ಇನ್ನೆರಡು ಸಲ ಹೀಗೇ ಬರಲಿ. ಮೊಗ್ಗು ಸಣ್ಣದಿದ್ದಾಗ ಕುಂಡ ಎಲ್ಲಿಟ್ಟಿದ್ರಿ?"

ಇಟ್ಟಿದ್ದು ಪಡುವಣ ಬಿಸಿಲು ಹೊಡೆಯುವ ಜಗಲಿಯಲ್ಲಿ, ಏಪ್ರಿಲ್‌ನಲ್ಲಿ. ಮೊಗ್ಗು ಒಳಗೊಳಗೇ ರೂಪ ಪಡೆಯುವಾಗ ಸೆಕೆ ಜಾಸ್ತಿಯಾದರೆ, ಬೇರು ಒಣಗಿದರೆ, ನುಸಿ ಕಚ್ಚಿದರೆ ಹೂವಿನ ಆಕಾರ ಕೆಡಬಹುದು. ಹಾಗೆ ಬಂದದ್ದು ಒಂದೇ ಸಲಕ್ಕೆ ಮುಗಿಯುತ್ತದೆ. ಗಿಡದ ವಂಶದಲ್ಲೇ ಇದ್ದರೆ ಮಾತ್ರ ಪ್ರತಿ ಸಲ ಬರುತ್ತದೆ. ಚೀಲವೂ ಪಕ್ಕದ ಎಸಳೂ ಒಂದೇ ಥರ ಆಗುವ ಇಂಥ ಬದಲಾವಣೆಗೆ ಪೆಲೋರಿಯಾ ಅನ್ನುತ್ತಾರೆ, ಸಸ್ಯಶಾಸ್ತ್ರಜ್ಞ ಲಿನೇಯಸ್ 1744ರಲ್ಲಿ ಬೇರೊಂದು ಹೂವಿಗೆ ಕೊಟ್ಟ ಹೆಸರು. ದಕ್ಷಿಣ ಅಮೆರಿಕದ ಫ್ರಾಗ್ಮಿಪೀಡಿಯಮ್ ಲಿಂಡೆನಿ ಅಂತ ಒಂದು ಸ್ಲಿಪ್ಪರ್ ಆರ್ಕಿಡ್ ಇದೆ, ಅದಕ್ಕೆ ಕಾಡಲ್ಲೇ ಚೀಲ ಇಲ್ಲ. ಅಲ್ಲೊಂದು ಉದ್ದ ರಿಬ್ಬನ್ ಥರದ ಎಸಳು ಜೋತಾಡುತ್ತದೆ, ಹುಳದ ಹಂಗಿಲ್ಲದೆ ತಾನೇ ಪರಾಗಸ್ಪರ್ಶ ಮಾಡಿಕೊಳ್ಳುತ್ತದೆ.

ಕಷ್ಟ ಏನಂದ್ರೆ, ಒಂದು ಮರಿ ಒಮ್ಮೆ ಮಾತ್ರ ಹೂ ಬಿಡುತ್ತದೆ, ಪಕ್ಕದಲ್ಲಿ ಹೊಸ ಮರಿ ಬಂದು ಅದು ಬಲಿಯುವ ತನಕ ಕಾಯಬೇಕು. ನಾನು ಒಂದೂವರೆ ವರ್ಷ ಕಾದೆ. ಎರಡನೇ ಹೂವು ಬಂತು, ಚೀಲದ ಸಮೇತ. ಬೇಜಾರಾಯ್ತು, ಆದರೆ ಆಂಟಿ ಮೊದಲೇ ಹೇಳಿದ್ದರಲ್ವಾ.

ಈ ಮಧ್ಯೆ ಇನ್ನೊಂದು ಕಡೆಯಿಂದ, ಎಲ್ಲಿಂದ ಅಂತ ಬೇಡ, "ಮೂರು ಚೀಲದ ಹೂವು" ಅಂತ ಫೋಟೋ ನೋಡಿ 4,500 ರೂಪಾಯಿ ಕೊಟ್ಟು ಕೊರಿಯರ್‌ನಲ್ಲಿ ತರಿಸಿದ್ದೆ. ಅರಳಿದ್ದು ಮಾಮೂಲಿ ಹೂವು. ಕೇಳಿದರೆ ಮುಂದಿನ ಸಲ ಬರುತ್ತೆ ಅಂದರು. ಒಂದು ಸಲ ಬಂದ ಹೂವಿನ ಫೋಟೋ ತೋರಿಸಿ ಐದು ಪಟ್ಟು ಬೆಲೆ ಕೇಳುವುದು ತಪ್ಪು, ನನಗೆ ಈಗಲೂ ಸಿಟ್ಟಿದೆ.

ಆಂಟಿ ಹತ್ತಿರ ನಿಜವಾಗಿ ಅಂಥದ್ದೊಂದು ಗಿಡ ಇದೆ. ಪಕ್ಕದ ಎರಡೂ ಎಸಳು ಅರ್ಧ ಮಡಚಿ, ಚೀಲದ ಬಣ್ಣ, ಚೀಲದ ಹೊಳಪು. ನಾಲ್ಕು ಸಲ ಹೀಗೇ ಅರಳಿದೆ, ನಾಲ್ಕೂ ಸಲದ ತಾರೀಕು ಒಂದು ನೋಟ್‌ಬುಕ್ಕಲ್ಲಿ ಬರೆದಿಟ್ಟಿದ್ದಾರೆ. ಆದರೂ ಬೇರ್ಪಡಿಸಿದ ಮರಿ ಅದೇ ರೀತಿ ಹೂ ಬಿಡುವ ತನಕ ಮಾರುವುದಿಲ್ಲವಂತೆ. ನಾನು ಒಂದಕ್ಕೆ ಹೇಳಿಟ್ಟಿದ್ದೇನೆ, ಮುಂಗಡ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ.

ಗಿಡಗಳೂ ಗಟ್ಟಿ. ತೊಗಟೆ, ಇದ್ದಿಲು, ಇಟ್ಟಿಗೆ ಚೂರು ಬೆರೆಸಿ ನೆಟ್ಟಿರುತ್ತಾರೆ, ನಮ್ಮ ಜಿಟಿಜಿಟಿ ಮಳೆಗೂ ಬೇರು ಕೊಳೆಯಲಿಲ್ಲ. ಸುಳಿಯಲ್ಲಿ ಮಾತ್ರ ನೀರು ನಿಲ್ಲಬಾರದು, ಜೂನ್‌ನಿಂದ ಸೂರಿನ ಕೆಳಗೇ ಇಡಿ.

ಕೊರತೆ ಇಲ್ಲ ಅಂತಲ್ಲ. ಲೇಬಲ್ ಸ್ಕೆಚ್ ಪೆನ್ನಲ್ಲಿ ಬರೆಯುತ್ತಾರೆ, ಒಂದು ಮಳೆಗಾಲಕ್ಕೆ ಅಳಿಸಿಹೋಗುತ್ತದೆ, ಮನೆಗೆ ತಂದ ದಿನವೇ ಪೆನ್ಸಿಲಲ್ಲಿ ಬರೆದುಕೊಳ್ಳಿ. ಫೋನ್ ಸಿಗುವುದು ಕಷ್ಟ. ಭಾನುವಾರ ಬೆಳಿಗ್ಗೆ ಹೋದರೆ ಇರುತ್ತಾರೆ, ಸುಮ್ನೆ ನೋಡಲು ಬಂದವರಿಗೂ ಕಾಫಿ ಕೊಟ್ಟು ಆ ನೋಟ್‌ಬುಕ್ ತೋರಿಸುತ್ತಾರೆ.